ಹೌದು, ಬಸ್ಸಿದೆ

ಜೂನ್ 12, ಗುರುವಾರ. ಹಿಂದವಾಡಿ.

ಊರಿಗೆ ಆಂಬುಲೆನ್ಸ್ ಕೇಳಲೆಂದು ಮಾಡುತ್ತಿದ್ದ ಸಮೀಕ್ಷೆಯಲ್ಲಿ ನನ್ನ ಪ್ರಶ್ನೆಯೇ ನಮ್ಮ ಜನರ ವಿರುದ್ಧ ನಿಂತಿತ್ತು! "ಆಸ್ಪತ್ರೆಗೆ ಹೋಗಲು ಬಸ್ಸಿದೆಯೇ? ಹೌದು/ಇಲ್ಲ." ಕಣಕುಂಬಿ ಕಡೆಯ ಮೂವತ್ತು ಮನೆಗಳೂ ಹೌದು ಎಂದವು. ಕೊನೆಯ ಮನೆಯಲ್ಲಿ ಸೂಲಗಿತ್ತಿ ಕುಂದಾಬಾಯಿ ಹಾಳೆಯ ಮೇಲೆ ಕೈಯಿಟ್ಟು ತಡೆದರು.

"ಬಸ್ ಐತಿ, ಖರೇ. ಮುಂಜಾನೆ ಒಂದ ಸಲ. ಹೆರಿಗಿ ಬ್ಯಾನಿ ಬಸ್ಸಿನ ಟೈಮ ನೋಡಿ ಬರತಾವೇನೋ ಶಾಣ್ಯಾ? ಹಿಂದಿನ ಹೆರಿಗಿಗೆ ಹೆಂಗ ಹೋದ್ರಿ ಅಂತ ಕೇಳು. ಕೇಳಿ ಸುಮ್ನ ಕುಂದರು."

ಮತ್ತೆ ಮನೆ ಮನೆಗೆ ಹೋದೆ. ಬಸುರಿಯನ್ನು ಕಂಬಳಿಯಲ್ಲಿ ಹೊತ್ತು ನಡೆದದ್ದು, ದಾರಿಯಲ್ಲೇ ಕೂಸು ಹುಟ್ಟಿದ್ದು, ಎಲ್ಲ ಹೇಳಿದರು. ಹಳೆಯ ಹಾಳೆಗಳೇ ಬರುವ ಸೋಮವಾರ ಅಧಿಕಾರಿಗಳ ಕೈ ಸೇರಿದ್ದರೆ, ಊರಿಗೆ ಆಂಬುಲೆನ್ಸ್ ಬೇಡವೆಂದು ನಾನೇ ಬರೆದುಕೊಟ್ಟಂತಾಗುತ್ತಿತ್ತು.

ಕುಂದಾಬಾಯಿಯ ಬಳಿ ಮರಳಿ, ದೊಡ್ಡ ಉಪಕಾರವಾಯ್ತು ಎಂದೆ. "ಮೊದಲ ಗಾಡಿ ತರಸು, ಆಮ್ಯಾಲ ಹೊಗಳು" ಎಂದರು.

ತರಿಸುತ್ತೇನೆ, ತಾಯಿ. ನಿಮ್ಮ ಆ ಒಂದು ಕೈ ಅಡ್ಡ ಬರದಿದ್ದರೆ...