ಖುರ್ಷಿದಾ ಬೇಗಂಗೆ ಒಂದು ಭಂಗಿ ಕಾರ್ಡು ಕೊಡಿ

ಅಮಲು ಪದಾರ್ಥಗಳ ಪರವಾನಗಿ ಕೊಡುವ (ಅಥವಾ ಕೊಡದ) ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ಹೆಂಡತಿ ಊಟ ಮಾಡಿದಳು ಎಂದು ನಾನು ನಿಮಗೆ ಲಿಖಿತವಾಗಿ ತಿಳಿಸಿದೆ. ಅದಕ್ಕೆ ನೀವು ನನ್ನ ಮನೆಗೆ ಜೀಪು ಕಳಿಸಿದಿರಿ. ನಿಮ್ಮ ಕಚೇರಿಗೆ ಕೊಟ್ಟ ಹನ್ನೊಂದು ಅರ್ಜಿಗಳಿಗೂ ನಿಮ್ಮಿಂದ ಒಂದು ಸಾಲಿನ ಉತ್ತರ ಬರಲಿಲ್ಲ. ಹಾಗಾಗಿ ಹನ್ನೆರಡನೆಯದನ್ನು ಊರೆಲ್ಲ ಓದಲಿ ಎಂದು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಗುಬ್ಬಿಯ ತಾಲ್ಲೂಕು ಕಚೇರಿ ಎದುರು ಮೇಜು ಹಾಕಿಕೊಂಡು ಇಪ್ಪತ್ತೆಂಟು ವರ್ಷಗಳಿಂದ ಅರ್ಜಿ ಬರೆಯುತ್ತಿರುವವನು. ಖಾತೆ ಬದಲಾವಣೆ, ವಿಧವಾ ವೇತನ, ರೇಷನ್ ಕಾರ್ಡು, ಯಾವುದನ್ನು ಬೇಕಾದರೂ ಕಣ್ಣು ಮುಚ್ಚಿ ಬರೆಯಬಲ್ಲೆ. ಸರ್ಕಾರವನ್ನು ಹಿಗ್ಗಾಮುಗ್ಗಾ ಬೈಯುತ್ತಾ ಬಂದವರನ್ನೂ ಕೂರಿಸಿ, ಟೀ ಕುಡಿಸಿ, ಅರ್ಜಿ ಹಾಕೋಣ ಎಂದು ಸಮಾಧಾನ ಮಾಡಿದ್ದೇನೆ. ಅಳದಿದ್ದರೆ ತಾಯಿಯೂ ಹಾಲು ಕೊಡುವುದಿಲ್ಲ ಎನ್ನುವ ಮಾತನ್ನು ನಂಬಿ ಬದುಕಿದವನು ನಾನು. ಈ ನಂಬಿಕೆಯೇ ನನ್ನ ಹೆಂಡತಿಯನ್ನು ಈ ಸ್ಥಿತಿಗೆ ತಂದಿದೆ.

ಕಳೆದ ರಂಜಾನ್ ಮುಗಿದ ವಾರ ಖುರ್ಷಿದಾಳ ಎದೆಯಲ್ಲಿ ಗಂಟು ಕಂಡಿತು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಆಮೇಲೆ ಆರು ಸಲ ಕೀಮೋ ಕೊಡಬೇಕು, ನಡುವೆ ಬಿಟ್ಟರೆ ಕಾಯಿಲೆ ತಿರುಗಿ ಬರುತ್ತದೆ ಎಂದರು. ಮೊದಲ ಸಲ ಕೊಟ್ಟ ಮೇಲೆ ಎಂಟು ದಿನ ಅವಳ ಹೊಟ್ಟೆಯಲ್ಲಿ ಗಂಜಿಯ ನೀರೂ ನಿಲ್ಲಲಿಲ್ಲ. ಮೂರು ವಾರಕ್ಕೊಮ್ಮೆ ಕೊಡಬೇಕಾದ್ದನ್ನು ಅವಳ ನಿತ್ರಾಣ ನೋಡಿ ಆರು ವಾರಕ್ಕೊಮ್ಮೆ ಕೊಟ್ಟರು. ಐವತ್ತೆಂಟು ಕೆಜಿ ಇದ್ದವಳು ನಲವತ್ತೊಂದಕ್ಕೆ ಇಳಿದಳು. ವಾಂತಿಗೆ ಕೊಟ್ಟ ಮಾತ್ರೆಗಳೂ ವಾಂತಿಯಲ್ಲೇ ಹೋದವು. ಗಂಡನಾದವನು ತಟ್ಟೆ ಹಿಡಿದುಕೊಂಡು ನಿಂತು ಇದನ್ನೆಲ್ಲ ನೋಡುವುದು ಹೇಗಿರುತ್ತದೆ ಎಂದು ನಿಮಗೆ ತಿಳಿಯುವುದು ಬೇಡ.

ತುಮಕೂರಿನ ಹಳೆಯ ಹಕೀಮರೊಬ್ಬರು ಇದಕ್ಕೆ ತಮ್ಮ ತಂದೆಯ ಕಾಲದಲ್ಲಿ ಭಂಗಿ ಸೊಪ್ಪಿನ, ಅಂದರೆ ಗಾಂಜಾ ಗಿಡದ ಎಲೆಯ, ಲೇಹ್ಯ ಕೊಡುತ್ತಿದ್ದರು ಎಂದರು. ಈಗ ಸೊಪ್ಪು ಕೊಳ್ಳಲು ಪರವಾನಗಿ ಬೇಕು, ಅದನ್ನು ತಂದರೆ ಮಾಡಿಕೊಡುತ್ತೇನೆ ಎಂದರು. ಅದಕ್ಕೆ ಸ್ವಲ್ಪ ಮೊದಲು ಪತ್ರಿಕೆಯ ಒಳಪುಟದಲ್ಲಿ ಓದಿದ್ದೆ: ಅಮೆರಿಕದ ಒಂದು ರಾಜ್ಯದಲ್ಲಿ ಇಂಥ ರೋಗಿಗಳಿಗೆ ಡಾಕ್ಟರ ಚೀಟಿ ನೋಡಿ, ಫೋಟೋ ಅಂಟಿಸಿ, ಗಾಂಜಾಕ್ಕೆ ಕಾರ್ಡನ್ನೇ ಕೊಡುತ್ತಾರಂತೆ. ಕಾರ್ಡು ಎಂದ ಕೂಡಲೇ ನನಗೆ ಧೈರ್ಯ ಬಂತು. ಕಾರ್ಡು ಮಾಡಿಸುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಯಾರಿದ್ದಾರೆ?

ನಿಮ್ಮ ಗುಮಾಸ್ತರು ನನ್ನ ಮೊದಲ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಪಾಷಾ, ಇದಕ್ಕೆ ಫಾರಂ ಇಲ್ಲ ಕಣ್ರೀ. ಫಾರಂ ಇಲ್ದೆ ನಾನ್ ಹೆಂಗ್ ತಗಳ್ಳಿ?" ಎಂದರು. ಮಾರನೇ ದಿನ ನಾನೇ ಫಾರಂ ಟೈಪು ಮಾಡಿಕೊಂಡು ಹೋದೆ: ರೋಗಿಯ ಹೆಸರು, ರೋಗದ ವಿವರ, ಸೊಪ್ಪಿನ ತೂಕ, ಬಲಮೂಲೆಯಲ್ಲಿ ಖುರ್ಷಿದಾಳ ಫೋಟೋ. "ನಮ್ ಫಾರಂಗಿಂತ ಚೆನ್ನಾಗೈತಲ್ರೀ!" ಎಂದು ಮೆಚ್ಚಿ ಸೀಲು ಹೊಡೆದರು. ಆಮೇಲೆ ನಾಲ್ಕು ತಿಂಗಳು ಕಡತ ಮಲಗಿತು. ಭಂಗಿಯ ಎಲೆಯ ಮಾತೇ ಬೇರೆ, ಗಾಂಜಾದ ಹೂವಿನ ಮಾತೇ ಬೇರೆ ಎಂದು ಕೇಂದ್ರದ ಕಾನೂನೇ ಹೇಳುತ್ತದೆ ಎಂದು ಕಲಮು ಸಮೇತ ಬರೆದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವಂತಾಯಿತು.

ಮೇ ಕೊನೆಯಲ್ಲಿ ನಾಲ್ಕನೇ ಕೀಮೋ ಆಯಿತು. ಮೂರನೇ ದಿನ, ನನ್ನ ಬಳಿ ಅರ್ಜಿ ಬರೆಸುವ ರೈತ ಹೆಂಗಸೊಬ್ಬರು ಸೆರಗಿನಲ್ಲಿ ಒಣ ಸೊಪ್ಪು ಕಟ್ಟಿಕೊಂಡು ಮನೆಗೆ ಬಂದರು. "ಸಾಬ್ರೇ, ನಮ್ ಹಸ ಮೇವು ಬುಟ್ರೆ ಬೆಲ್ಲದ ಜೊತೆ ಒಂದ್ ಹಿಡಿ ತಿನ್ನುಸ್ತೀವಿ. ಅಮ್ಮಾರ್ಗೂ ಒಸಿ ಕೊಟ್ ನೋಡಿ" ಎಂದರು. ಕೊಟ್ಟೆ. ಆ ರಾತ್ರಿ ಖುರ್ಷಿದಾ ತಾನಾಗಿಯೇ ತಟ್ಟೆ ಕೇಳಿದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಆಮೇಲೆ ನಾನು ಮಾಡಿದ ತಪ್ಪನ್ನು ಅರ್ಜಿ ಬರೆಯುವವನು ಮಾತ್ರ ಮಾಡಬಲ್ಲ. ಬೇರೆ ಯಾರಾದರೂ ಬಾಯಿ ಮುಚ್ಚಿಕೊಂಡು ಇರುತ್ತಿದ್ದರು. ನಾನು ಪುರಾವೆ ಸಿಕ್ಕಿತು ಎಂದು ಖುಷಿಪಟ್ಟು ಹನ್ನೊಂದನೇ ಅರ್ಜಿ ಬರೆದೆ: "ಸದರಿ ಸೊಪ್ಪಿನ ಅರ್ಧ ಚಮಚವನ್ನು ತುಪ್ಪದಲ್ಲಿ ಹುರಿದು ಕೊಡಲಾಗಿ, ಅರ್ಜಿದಾರನ ಪತ್ನಿಯು ಒಂದು ರಾಗಿಮುದ್ದೆ ಹಾಗೂ ಒಂದು ಬಟ್ಟಲು ಉಪ್ಪುಸಾರು ಸೇವಿಸಿ, ವಾಂತಿಯಿಲ್ಲದೆ ನಿದ್ರಿಸಿರುತ್ತಾರೆ." ನಾಲ್ಕು ತಿಂಗಳು ಅಲುಗಾಡದ ಕಡತ ಐದೇ ದಿನಕ್ಕೆ ಎದ್ದು ಓಡಿತು. ಹಗಲು ಹನ್ನೊಂದು ಗಂಟೆಗೆ, ಬೀದಿಯೆಲ್ಲ ನೋಡುತ್ತಿರುವಾಗ, ಜೀಪು ಬಂತು. ಸೊಪ್ಪಿನ ಡಬ್ಬಿ ಹೋಯಿತು.

ನಿಮ್ಮ ಇನ್ಸ್‌ಪೆಕ್ಟರು ಕೆಟ್ಟವರಲ್ಲ. "ಸೊಪ್ಪು ಯಾರ್ ಕೊಟ್ರು ಹೇಳ್ಬಿಡಿ, ನಿಮ್ಮನ್ನ ಬಿಟ್ಬಿಡ್ತೀವಿ" ಎಂದರು. ಹೇಳಲಿಲ್ಲ, ಹೇಳುವುದೂ ಇಲ್ಲ. ಈ ಪತ್ರದಲ್ಲಿ ಕೊಟ್ಟವರ ಹೆಸರು ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಕೊನೆಗೆ ಇನ್ಸ್‌ಪೆಕ್ಟರು, "ಅಷ್ಟೊಂದು ಬೇಕಿದ್ರೆ ಕಾಶಿಗೋಗಿ ಮನೆ ಮಾಡ್ರೀ, ಅಲ್ಲಿ ಸರ್ಕಾರದ ಲೈಸೆನ್ಸ್ ಅಂಗಡೀಲೇ ಮಾರ್ತಾರೆ" ಎಂದರು. ಮನೆಯಲ್ಲಿ ನಾವು ಆಡುವುದು ಉರ್ದು. ಸಾಹೇಬರಿಗೆ ಅರ್ಥವಾಗಲಿ ಎಂದು ಖುರ್ಷಿದಾ ಗೋಡೆ ಹಿಡಿದು ಎದ್ದು ನಿಂತು ಕನ್ನಡದಲ್ಲೇ ಕೇಳಿದಳು: "ಯಾಕ್ ಸಾರ್ ಹೋಗ್ಲಿ? ನಮ್ಮಮ್ಮನ ಗೋರಿ ತುಮಕೂರಲ್ಲೈತೆ. ನನ್ ತಂಗಿ ಕುಣಿಗಲ್ಲಲ್ಲವ್ಳೆ, ವಾರಕ್ಕೊಂದ್ಸಲ ಬಂದು ನನ್ ತಲೆಗೆ ಎಣ್ಣೆ ಹಚ್ಚಿ ಹೋಗ್ತಾಳೆ. ಒಂದ್ ತುತ್ತು ತಿನ್ನಕ್ಕೆ ನಾನು ಊರ್ ಬಿಡ್ಬೇಕಾ?"

ಇನ್ಸ್‌ಪೆಕ್ಟರು ಟೋಪಿ ತೆಗೆದುಕೊಂಡು ಹೊರಟರು. ಅವಳ ಪ್ರಶ್ನೆಯನ್ನು ನಾನು ನಿಮಗೆ ದಾಟಿಸುತ್ತಿದ್ದೇನೆ. ಜೊತೆಗೆ ನನ್ನವೂ ಇವೆ. ಒಂದೇ ಗಿಡಕ್ಕೆ ಕಾಶಿಯಲ್ಲಿ ಅಂಗಡಿ, ಗುಬ್ಬಿಯಲ್ಲಿ ಜೀಪು ಏಕೆ? ವರ್ಷಾವರ್ಷ ಸಾರಾಯಿ ಹರಾಜು ಹಾಕಿ ಬೀದಿಬೀದಿಯಲ್ಲಿ ಪ್ಯಾಕೆಟ್ ಮಾರಿಸುವ ಸರ್ಕಾರಕ್ಕೆ, ಒಬ್ಬ ರೋಗಿಯ ಅರ್ಧ ಚಮಚ ಸೊಪ್ಪು ಯಾವ ಲೆಕ್ಕದ ಅಮಲು? ಎಲ್ಲೋ ಪುಂಡರು ಗಾಂಜಾ ಸೇದಿದರೆ ನನ್ನ ಹೆಂಡತಿ ಉಪವಾಸ ಬೀಳಬೇಕೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕಥೆ ಇದು.

ಐದನೇ ಕೀಮೋ ಜುಲೈ ಹನ್ನೊಂದು, ಸೋಮವಾರ. ಸೊಪ್ಪಿಲ್ಲದೆ ಆಸ್ಪತ್ರೆಗೆ ಬರುವುದಿಲ್ಲ ಎಂದು ಖುರ್ಷಿದಾ ಹಟ ಹಿಡಿದಿದ್ದಾಳೆ. ಅವಳನ್ನು ಬೈಯುವ ಬಾಯಿ ನನಗಿಲ್ಲ. ಆ ಡಬ್ಬಿಯನ್ನು ನಿಮ್ಮ ಕೈಗೆ ಕೊಟ್ಟದ್ದು ನನ್ನ ಅಕ್ಷರ. ಆದ್ದರಿಂದ ಈ ಸಲ ಪ್ರಾರ್ಥಿಸುತ್ತಿಲ್ಲ, ಕೇಳುತ್ತಿದ್ದೇನೆ: ಅಷ್ಟರೊಳಗೆ ಅವಳ ಹೆಸರಿಗೆ ಕಾರ್ಡು ಕೊಡಿ. ಫಾರಂ ಹೇಗೂ ನಿಮ್ಮಲ್ಲಿದೆ, ಸಹಿ ಒಂದೇ ಬಾಕಿ.

ಕೊಡದಿದ್ದರೂ ಅವಳಿಗೆ ಸೊಪ್ಪು ಸಿಗುತ್ತದೆ. ಎಲ್ಲಿಂದ ಎಂದು ಕೇಳಬೇಡಿ. ಅದು ಆ ಸೋಮವಾರ ಬೆಳಿಗ್ಗೆ ಆರೂವರೆಗೆ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ನನ್ನ ಅಂಗಿಯ ಎಡಜೇಬಿನಲ್ಲಿ ಇರುತ್ತದೆ. ಮೊದಲು ಅವಳನ್ನು ತಂಗಿಯ ಜೊತೆ ಬೆಂಗಳೂರು ಬಸ್ಸು ಹತ್ತಿಸಿ, ಪೊಟ್ಟಣ ಅವಳ ಕೈಗೆ ಕೊಡುತ್ತೇನೆ. ಬಸ್ಸು ಹೊರಟ ಮೇಲೆ ನಾನು ಅಲ್ಲೇ ನಿಂತಿರುತ್ತೇನೆ. ನೀವು ಕಾರ್ಡು ತಂದರೂ ಸರಿ, ಕೋಳ ತಂದರೂ ಸರಿ.

ಇಂತಿ,
ಕೇಳಿ ಕೆಟ್ಟವನು,
ಅಕ್ರಂ ಪಾಷಾ
ಅರ್ಜಿ ಬರೆಯುವವರು, ಗುಬ್ಬಿ
೨೭ ಜೂನ್ ೨೦೦೫