ಮೂರನೆಯ ದೀಪ

ರಂಗಂಪೇಟೆ
16 ನವೆಂಬರ್ 2014, ರವಿವಾರ

ಸುಜಾತಾಳ ಅಪ್ಪನಿಗೆ,

ಜೈಭೀಮ್. ಎರಡು ವರ್ಷದಿಂದ ಗಂಡನಿಗೆ ಒಂದು ಅಕ್ಷರವನ್ನೂ ಬರೆಯದ ಕೈ ಇದು. ಕೊನೆಯ ಸಲ ಈ ಕೈ ನಿಮ್ಮನ್ನು ಮುಟ್ಟಿದಾಗ ಅದರಲ್ಲಿ ಚಪ್ಪಲಿ ಇತ್ತು. ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ಈ ಪತ್ರ ತಂದವನು ದ್ಯಾವಪ್ಪ ಕಾಕಾ. ನೀವು ಓದುವಾಗ ಎದುರಿಗೇ ಕೂತಿರುತ್ತಾನೆ. ಅವನಿಗೆ ಓದು ಬರುವುದಿಲ್ಲ ಎಂಬುದು ನಿಮಗೆ ಗೊತ್ತು. ಆದ್ದರಿಂದ ಗಟ್ಟಿಯಾಗಿ ಓದಿರಿ. ನಿಮಗೆ ಗೊತ್ತಿರುವುದನ್ನೂ ಬಿಡದೆ ಬರೆದಿದ್ದೇನೆ, ಅವನೂ ಕೇಳಬೇಕು.

ಫೈಲು ತೆರೆಯಿತು. ನೀವು ಹೇಳಿದ ಹೆಸರಿನಿಂದಲೇ ತೆರೆಯಿತು.

ಮೊದಲಿನಿಂದ ಹೇಳುತ್ತೇನೆ. ನಮ್ಮೂರ ಮರಿಗಾಲುವೆಗೆ ಕಲ್ಲು ಹೊತ್ತವರು ನಮ್ಮ ಕೇರಿಯವರು. ನನ್ನವ್ವ ಹೊಟ್ಟೆಯಲ್ಲಿ ನನ್ನನ್ನಿಟ್ಟುಕೊಂಡು ಅದರ ಮಣ್ಣು ಹೊತ್ತಿದ್ದಾಳೆ. ನೀರು ಬಂದ ಮೇಲೆ ಅದು ಸಾವ್ಕಾರನ ಭತ್ತಕ್ಕೆ ಹೋಯಿತು. ಕಾಲುವೆಯ ಬಾಲಕ್ಕೆ ಬಿದ್ದ ನಮ್ಮ ಹದಿನೆಂಟು ಮನೆಗಳ ಹೊಲಕ್ಕೆ ಕಾಗದದ ಮೇಲೆ ವಾರಕ್ಕೆ ಎರಡು ದಿನದ ಸರದಿ ಇತ್ತು. ಗೇಟಿನ ಮೇಲೆ ಸಾವ್ಕಾರನ ಬೀಗ ಇತ್ತು.

2012ರ ಏಪ್ರಿಲ್, ನಡು ಮಧ್ಯಾಹ್ನ, ನಮ್ಮ ಸರದಿಯ ದಿನ. ನನ್ನ ತಮ್ಮ ಮರಿಲಿಂಗಪ್ಪ ಹಾರೆಯಿಂದ ಆ ಬೀಗ ಒಡೆದ. ನೀವು ಗೇಟು ಎತ್ತಿದಿರಿ. ನೀರು ನಮ್ಮ ಕಡೆ ನೂರು ಹೆಜ್ಜೆ ಬಂದಿರಲಿಲ್ಲ, ಜೀಪು ಬಂತು. ಐದು ಜನ ಇಳಿದರು. ಕೇರಿಯ ಮಕ್ಕಳಿಗೆ ಅಕ್ಷರ ಕಲಿಸಿದ ನಿಮ್ಮ ಬಲಗೈಯನ್ನು ಗೇಟಿನ ಚೌಕಟ್ಟಿನ ಮೇಲಿಟ್ಟು ಅದರ ಕಬ್ಬಿಣದ ತಗಡನ್ನು ಮೇಲಿನಿಂದ ಬಿಟ್ಟರು. ನಾಲ್ಕು ಬೆರಳು ಜಜ್ಜಿ ಹೋದವು. ಮರಿಲಿಂಗನನ್ನು ಅವನದೇ ಹಾರೆಯಿಂದ ತಲೆಗೆ ಹೊಡೆದರು. ಬಿದ್ದ ಮೇಲೂ ಹೊಡೆದರು. ಆಮೇಲೆ ಎರಡೂ ಕಾಲು ಹಿಡಿದು ದರದರ ಎಳೆದು ನೀರಿಗೆ ದೂಡಿದರು. ಎರಡು ದಿನದ ಮೇಲೆ ಕೆಳಗಿನ ಗೇಟಿನ ಜಾಳಿಗೆಗೆ ಕಸಕಡ್ಡಿಯ ಸಂಗಡ ಬಂದು ಸಿಕ್ಕ.

ಕಾಲು ಜಾರಿ ಬಿದ್ದು ಸತ್ತ ಎಂದು ಪೊಲೀಸರು ಬರೆದುಕೊಂಡರು. ತಲೆಯ ಹಿಂದೆ ಮುಷ್ಟಿ ಹೋಗುವಷ್ಟು ತೂತು ಇದ್ದವನಿಗೆ ಕಾಲು ಜಾರಿತ್ತು.

ಮಣ್ಣು ಮಾಡುವ ಮೊದಲು ನೀವು ಆ ಗಾಯದ ಫೋಟೋ ತೆಗೆದಿರಿ. ಕಣ್ಣಾರೆ ಕಂಡವರ ಮನೆಮನೆಗೆ ಹೋಗಿ ಏಳು ಜನರ ಹೇಳಿಕೆಯನ್ನು ಎಡಗೈಯಲ್ಲೇ ಬರೆದುಕೊಂಡಿರಿ. ಆ ಏಳು ಜನ ತಮ್ಮ ಹೆಸರು ಹೊರಗೆ ಬಂದರೆ ಮರುದಿನ ತಮ್ಮ ಹೆಣವೂ ಜಾಳಿಗೆಗೆ ಸಿಗುತ್ತದೆ ಎಂದು ಅಂಜಿದ್ದರು. ಅದಕ್ಕೇ ಶಹಾಪುರದಲ್ಲಿ ಯೂನುಸನ ಕಂಪ್ಯೂಟರ್ ಅಂಗಡಿಯಲ್ಲಿ ಎಲ್ಲವನ್ನೂ ಟೈಪು ಮಾಡಿ, ಫೋಟೋ ಕೂಡಿಸಿ, ಪಾಸ್‌ವರ್ಡ್ ಹಾಕಲಾಯಿತು. ಮರಿಲಿಂಗನಿಗೆ ಮನೆಯಲ್ಲಿ ಕರೆಯುತ್ತಿದ್ದ ಹೆಸರು: ಮರ್ಯಾ. ಅಷ್ಟೇ.

ನಾಲ್ಕು ದಿನದ ಮೇಲೆ ನಮ್ಮ ಬುದ್ಧವಿಹಾರಕ್ಕೆ ಬೆಂಕಿ ಬಿತ್ತು. ಕೈಬರಹದ ಹೇಳಿಕೆಗಳು ಬಾಬಾಸಾಹೇಬರ ಫೋಟೋದ ಹಿಂದಿದ್ದವು. ಎರಡೂ ಸುಟ್ಟವು. ನಿಮ್ಮ ಮೊಬೈಲು ತನಿಖೆಯ ಹೆಸರಲ್ಲಿ ಠಾಣೆಗೆ ಹೋದದ್ದು ಹೋಯಿತು. ಉಳಿದದ್ದು ನನ್ನ ಜೋಳದ ಡಬ್ಬಿಯಲ್ಲಿದ್ದ ಪೆನ್‌ಡ್ರೈವ್ ಒಂದೇ.

ಡಿಸೆಂಬರಿನಲ್ಲಿ, ಕೇಸು ಮುಚ್ಚುತ್ತೇವೆಂದು ಪೊಲೀಸರು ಕೋರ್ಟಿಗೆ ಬರೆದರು. ತಕರಾರು ಹಾಕಲು ಸುರಪುರದ ಲಾಡ್ಲೇಸಾಬ ವಕೀಲರ ಆಫೀಸಿಗೆ ನಾವೆಲ್ಲ ಹೋದೆವು. ಪೆನ್‌ಡ್ರೈವ್ ಚುಚ್ಚಿದರು. ನೀವು ಹೆಸರು ಹೇಳಿದಿರಿ. ತೆರೆಯಲಿಲ್ಲ. ಮತ್ತೆ ಹೇಳಿದಿರಿ. ತೆರೆಯಲಿಲ್ಲ. ಯೂನುಸ ಅದನ್ನು ಒಯ್ದು ಮೂರು ದಿನ ಏನೇನೋ ಸಾಫ್ಟ್‌ವೇರು ಹಾಕಿ ನೋಡಿದ. ಕಡೆಗೆ, “ಅಕ್ಕಾ, ಇದು ಮುರಿಯೋ ಕೀಲಿ ಅಲ್ರಿ. ಹಾಕ್ದವರು ಖರೇ ಹೇಳ್ಬೇಕು, ಇಲ್ಲಂದ್ರ ನಾ ಮುದುಕಾಗೋತನಾ ಹುಡುಕ್ತಿರಬೇಕು” ಅಂದ.

ಹಾಕಿದವರು ಖರೆ ಹೇಳಬೇಕು. ಆ ಮಾತು ನನಗಿಂತ ಮೊದಲು ಕೇರಿ ಮುಟ್ಟಿತು.

ಸುಟ್ಟ ವಿಹಾರದ ಗೋಡೆಯ ಮುಂದೆ ನಿಮ್ಮನ್ನು ನಿಲ್ಲಿಸಿದರು. ಕಾಕಾ, ಆ ದಿನದ ನಿನ್ನ ಮಾತು ನನಗೆ ಇನ್ನೂ ನೆನಪಿದೆ, ಹಾಗೇ ಬರೆಯುತ್ತೇನೆ: “ಕೀಲಿ ಹಾಕಿದಾವ ಯಾರಲೇ?” ಇವರು ಅಂದರು, “ನಾನೇ, ಮಾವಾ.” ನೀನು ಕೇಳಿದೆ, “ಹಾಕಿದಾವಗ ತಗ್ಯಾಕ ಬರಂಗಿಲ್ಲಂದ್ರ ಹ್ಯಾಂಗ? ಸಾವ್ಕಾರ ಏನ ತಿನ್ಸ್ಯಾನ ನಿನಗ?” ಇವರು ಅಂದರು, “ಮರ್ಯಾನ ಹೆಸರೇ ಇಟ್ಟೀನಿ. ಯಾಕ ತೆರ್ಯವಲ್ದೋ ನನಗ ಗೊತ್ತಿಲ್ಲ.” ಹಿಂದಿನಿಂದ ಯಾರೋ ನಕ್ಕು, “ಪೆಟ್ಟಿಗಿ ಮರ್ತದೋ, ಮಾಸ್ತರ ಮರ್ತಾನೋ?” ಅಂದರು.

ಆಗ ನೀವು ಒಂದು ಸಲ ನನ್ನ ಕಡೆ ನೋಡಿದಿರಿ. ಒಂದೇ ಸಲ. ಆಮೇಲೆ ನೆಲ ನೋಡಿದಿರಿ.

ಮೊದಲ ಬಡಿಗೆ ಕಾಕಾನದು, ಭುಜದ ಮೇಲೆ ಬಿತ್ತು. ಎರಡನೆಯದು ಯಾರದೋ ಕಿವಿಯ ಮೇಲೆ. ಕಿವಿಯಿಂದ ರಕ್ತ ಇಳಿದು ಅಂಗಿಯ ಕಾಲರು ತೊಯ್ದಿತು. ಬಾಯಿಗೆ ಬಿದ್ದ ಒದೆಗೆ ಎರಡು ಹಲ್ಲು ಉದುರಿದವು. ಮೇಲ್ಜಾತಿಯವರು ನಮ್ಮ ಅಜ್ಜಂದಿರಿಗೆ ಹಾಕುತ್ತಿದ್ದ ಚಪ್ಪಲಿ ಹಾರವನ್ನು, ಬುದ್ಧನಿಗೆ ಶರಣು ಹೋದವರು ನಾವೇ ಕಟ್ಟಿ ನಮ್ಮವನ ಕೊರಳಿಗೆ ಹಾಕಿದೆವು. ಹೊಡೆಸಿಕೊಂಡು ಹೊಡೆಸಿಕೊಂಡು ನಾವು ಕಲಿತ ವಿದ್ಯೆ ಅದೊಂದೇ ಎನ್ನುವಂತೆ. ನಾನೂ ಬಂದೆ. ನನ್ನ ಚಪ್ಪಲಿ ತೆಗೆದು ನಿಮ್ಮ ಕೆನ್ನೆಗೆ ಎರಡು ಸಲ ಹೊಡೆದು, “ನನ್ನ ತಮ್ಮನ್ನ ಎರಡನೇ ಸಲ ಕೊಂದಿ” ಅಂದೆ. ಜನ ಹೌದೌದು ಎಂದರು. ನೀವು ಕೈ ಅಡ್ಡ ಹಿಡಿಯಲಿಲ್ಲ. ಆ ಸಂಜೆಯೇ ಹರಿದ ಅಂಗಿಯಲ್ಲಿ ಬಳಿಚಕ್ರಕ್ಕೆ, ನಿಮ್ಮಕ್ಕ ಅಯ್ಯಮ್ಮನ ಮನೆಗೆ ಹೋದಿರಿ. ಬೆರಳು ಜಜ್ಜಿ ಮೊಂಡಾದ ಕೈಯಲ್ಲಿ ತೊಗರಿ ಹೊಲದ ಕಳೆ ಕೀಳುತ್ತೀರೆಂದು ಆಮೇಲೆ ಕೇಳಿದೆ.

ವಕೀಲರು ವಾಯಿದೆ ಮೇಲೆ ವಾಯಿದೆ ಕೇಳುತ್ತ ಕೇಸನ್ನು ಇಲ್ಲಿಯವರೆಗೆ ಎಳೆದು ತಂದರು.

ಈಗ ಕಳೆದ ಬುಧವಾರದ ಮಾತು. ಪಂಚಾಯಿತಿ ಆಫೀಸಿನಲ್ಲಿ ವಿಧವೆಯರ ಪಿಂಚಣಿ ಯಾದಿಯನ್ನು ನುಡಿ ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪು ಮಾಡುತ್ತಿದ್ದೆ. ನಡುವೆ ಆಫೀಸಿನ ಫೈಲೊಂದು ಪಾಸ್‌ವರ್ಡ್ ಕೇಳಿತು. ದಿನಾ ಹಾಕುವ ಪಾಸ್‌ವರ್ಡೇ. ಹಾಕಿದೆ, ತಪ್ಪು ಎಂದಿತು. ಮೂರು ಸಲ ಹಾಕಿದೆ, ಮೂರು ಸಲವೂ ತಪ್ಪು. ಕಸ ಹೊಡೆಯುತ್ತಿದ್ದ ಮಲ್ಲಾಬಾಯಿ, “ಯಾಕವ್ವ, ಡಬ್ಬಿ ಜೋಡಿ ಜಗಳಾ ತಗದಿ? ದೀಪ ಹಚ್ಕೊಂಡ ಕುಂತೈತಿ, ಎಚ್ಚರ ಐತದು” ಎಂದು ನಕ್ಕಳು. ಕೀಬೋರ್ಡಿನ ಮೂಲೆ ತೋರಿಸಿದಳು.

ಅಲ್ಲಿ ಮೂರು ದೀಪ. ಮೂರನೆಯದು ಉರಿಯುತ್ತಿತ್ತು. ನುಡಿಯಲ್ಲಿ ಕನ್ನಡಕ್ಕೆ ಹೋದಾಗ ಹೊತ್ತುವ ದೀಪ ಅದು. ಅದು ಹೊತ್ತಿದ್ದರೆ ಒತ್ತಿದ ಕೀಲಿ ಕನ್ನಡವಾಗಿ ಬೀಳುತ್ತದೆ, ಆರಿದ್ದರೆ ಇಂಗ್ಲಿಷಾಗಿ. ಬೇರೆ ಕಡೆಯಾದರೆ ಬಿದ್ದದ್ದು ಕಣ್ಣಿಗೆ ಕಾಣುತ್ತದೆ. ಪಾಸ್‌ವರ್ಡಿನ ಜಾಗದಲ್ಲಿ ಮಾತ್ರ ಬರೀ ಚುಕ್ಕೆ.

ಯಾದಿಯನ್ನು ಅಲ್ಲೇ ಬಿಟ್ಟು ಎದ್ದೆ. ಆ ದಿನ ಯೂನುಸನ ಅಂಗಡಿಯಲ್ಲಿ ಮುಂಜಾನೆಯಿಂದ ಸಂಜೆಯತನಕ ಕನ್ನಡದಲ್ಲೇ ಟೈಪು ನಡೆದಿತ್ತು. ಪಾಸ್‌ವರ್ಡ್ ಹಾಕುವಾಗ ಆ ದೀಪವನ್ನು ಆರಿಸಿದವರಿಲ್ಲ. ವಕೀಲರ ಕಂಪ್ಯೂಟರಿನಲ್ಲಿ ನುಡಿಯೇ ಇರಲಿಲ್ಲ. ಯೂನುಸನೂ ಪಾಸ್‌ವರ್ಡ್ ಅಂದರೆ ಇಂಗ್ಲಿಷೇ ಎಂದುಕೊಂಡು ಮೂರು ದಿನ ದೀಪ ಆರಿಸಿಕೊಂಡೇ ಹುಡುಕಿದ. ಇಂಗ್ಲಿಷ್ ಬಾಯಿಯಿಂದ ಕನ್ನಡ ಬೀಗವನ್ನು ಬೇಡಿಕೊಂಡೆವು, ತೆರೆಯದ್ದಕ್ಕೆ ನಿಮ್ಮ ಹಲ್ಲು ಉದುರಿಸಿದೆವು.

ಮರುದಿನ ರಜೆ ಹಾಕಿ ಶಹಾಪುರಕ್ಕೆ ಹೋದೆ. ಯೂನುಸ ತನ್ನ ಹಳೆಯ ಕಂಪ್ಯೂಟರಿಗೆ ನುಡಿ ಹಾಕಿ ದೀಪ ಹೊತ್ತಿಸಿದ. ಅದೇ ಹೆಸರನ್ನು ಒತ್ತಿದೆ. ತೆರೆಯಿತು. ಮೊದಲ ಪುಟದಲ್ಲಿ ನನ್ನ ತಮ್ಮನ ತಲೆ. ಯೂನುಸ “ಯಾ ಅಲ್ಲಾ” ಎಂದು ಎದ್ದು ಹೋಗಿ ಅಂಗಡಿಯ ಶಟರು ಅರ್ಧ ಇಳಿಸಿದ.

ಎರಡನೆಯ ಪುಟದಲ್ಲಿ ಮೋನಮ್ಮ ಇದ್ದಾಳೆ. ದಂಡೆಯ ಮೇಲೆ ಹುಲ್ಲು ಕೊಯ್ಯುತ್ತಿದ್ದ ಮುದುಕಿ, ಹೋದ ಆಷಾಢದಲ್ಲಿ ತೀರಿಕೊಂಡಳು. ಅವಳ ಬಾಯಿಮಾತು ಹಾಗೇ ಇದೆ: “ಜೀಪಿನ್ಯಾಗಿಂದ ಇಳಿದಾವ ಸಾವ್ಕಾರನ ಹಿರೇ ಮಗ. ಹಾರಿ ಹಿಡಿದಾವ ಅಂವನೇ. ಒಂದ ಏಟಿಗಿ ಕೂಸು ಕುಂತ. ಎರಡನೇದಕ್ಕ ಮಲಗಿದ. ಮೂರನೇದು ಯಾಕ ಹೊಡದ್ಯೋ ಅಂತ ನಾ ಒದರಿದೆ, ನಿನಗೂ ಬೇಕೇನು ಮುದುಕೀ ಅಂದ.” ಸತ್ತವಳು ಕೋರ್ಟಿಗೆ ಬರುವುದಿಲ್ಲ. ಉಳಿದ ಆರು ಜನರಲ್ಲಿ ನಾಲ್ವರು ದುಡಿಯಲು ಪುಣೆಗೆ ಹೋಗಿದ್ದಾರೆ, ಇಬ್ಬರು ಸಾವ್ಕಾರನ ಹೊಲದಲ್ಲೇ ಕೂಲಿಗಿದ್ದಾರೆ. ಅವರ ಹೇಳಿಕೆ ಕೈಗೆ ಸಿಕ್ಕಿದೆ, ಎಲ್ಲರನ್ನೂ ಹುಡುಕಿ ತರುತ್ತೇನೆ.

ಇದೇ 24ನೇ ತಾರೀಖು ಸೋಮವಾರ ಸುರಪುರದ ಕೋರ್ಟಿನಲ್ಲಿ ಕಡೆಯ ವಾಯಿದೆ. ಹೇಳಿಕೆ ಬರೆದುಕೊಂಡವನು, ಫೋಟೋ ತೆಗೆದವನು, ಗೇಟಿನ ಹತ್ತಿರ ನಿಂತಿದ್ದವನು ಮೂವರೂ ನೀವೊಬ್ಬರೇ. ನೀವು ಬಂದು ನಿಂತರೆ ಕೇಸು ಉಳಿಯುತ್ತದೆ. ಇಲ್ಲದಿದ್ದರೆ ಮರಿಲಿಂಗನ ಕಾಲು ಜಾರಿದ್ದೇ ಖಾಯಂ. ಸುಳ್ಳು ಹೇಳಿ ಕರೆಯುವುದಿಲ್ಲ: ಜೀಪು ಇನ್ನೂ ಅವರ ಅಂಗಳದಲ್ಲಿದೆ, ಹಾರೆ ಹಿಡಿದ ಕೈ ಇನ್ನೂ ದಪ್ಪಗಿದೆ. ಕೋರ್ಟಿನ ಮೆಟ್ಟಿಲ ಮೇಲೆ ಅವರು ನಿಮ್ಮನ್ನು ಕಾಯುತ್ತಾರೆ. ಈ ಸಲ ಹದಿನೆಂಟು ಮನೆಯೂ ನಿಮ್ಮ ಸುತ್ತ ನಿಲ್ಲುತ್ತದೆ. ನಿಲ್ಲದಿದ್ದರೆ ನಾನೊಬ್ಬಳು ನಿಲ್ಲುತ್ತೇನೆ.

ಕಾಕಾ ತಪ್ಪಾಯಿತು ಎನ್ನುತ್ತಾನೋ ಇಲ್ಲವೋ ಗೊತ್ತಿಲ್ಲ. ಫೈಲು ತೆರೆಯಿತೆಂದು ಹೇಳಿದಾಗ ಅವನು ಬಹಳ ಹೊತ್ತು ಬೀಡಿ ಸೇದಿ, “ಮಿಷನ್ ತಪ್ಪ ಮಾಡ್ಯಾದ, ಅದಕ್ಕ ನಾವೇನ ಮಾಡೂಣು” ಅಂದ. ನೀನೇ ಹೋಗಿ ಕರಕೊಂಡು ಬಾ ಎಂದಾಗ ಮಾತ್ರ ಇಲ್ಲ ಎನ್ನಲಿಲ್ಲ.

ಸುಜಾತಾ ಹಾಸ್ಟೆಲ್‌ನಲ್ಲಿದ್ದಾಳೆ, ಚೆನ್ನಾಗಿ ಓದುತ್ತಾಳೆ. ಅಪ್ಪನ ಹೆಸರು ಬರೆಯುವಾಗ ಮಾಸ್ತರ ಎಂದು ಮುಂದೆ ಸೇರಿಸುತ್ತಾಳೆ.

ಹೊಡೆದ ಕೈಯಿಂದಲೇ ಬರೆದವಳು,
ದೇವಕಮ್ಮ

ತಾ.ಕ.: ಮಿಷನ್ ತಪ್ಪು ಮಾಡಿಲ್ಲ, ಕಾಕಾ. ಅಂಗಡಿಯಲ್ಲಿ ಟೈಪು ನಡೆದ ದಿನ ಇವರ ಬಲಗೈ ಮೊಳಕೈತನಕ ಪ್ಲಾಸ್ಟರಿನಲ್ಲಿತ್ತು. ಆ ಕೈ ಏಳು ಜನರ ಮಾತನ್ನು ಹೇಗೆ ಟೈಪು ಮಾಡೀತು ಎಂದು ಹದಿನೆಂಟು ಮನೆಯಲ್ಲಿ ಒಬ್ಬರೂ ಕೇಳಲಿಲ್ಲ. ಇವರು ಓದಿ ಹೇಳುತ್ತಿದ್ದರು, ಟೈಪು ಮಾಡಿದವಳು ನಾನು. ಮರ್ಯಾ ಎಂದು ಇಡೋಣ ಎಂದವಳೂ, ಅದನ್ನು ಎರಡು ಸಲ ಒತ್ತಿದವಳೂ ನಾನು. ಆದ್ದರಿಂದ ಇವರು ಹೇಳುವುದು ಖರೆ ಎಂದು ವಿಹಾರದ ಮುಂದೆ ನಿಂತವರಲ್ಲಿ ಒಬ್ಬಳಿಗೆ ಗೊತ್ತಿತ್ತು. ನನ್ನ ಬೆರಳೇ ಎಲ್ಲೋ ತಪ್ಪಿತೆಂದು ಅಂಜಿದೆ. ತಮ್ಮನ ರಕ್ತ ಮಾರಿದವಳು ಎನ್ನುತ್ತಾರೆಂದು ಅಂಜಿದೆ. ಹೊಡೆಯುವವರ ಸಾಲಿನಲ್ಲಿ ನಿಂತವರನ್ನು ಯಾರೂ ಏನೂ ಕೇಳುವುದಿಲ್ಲ, ಅದಕ್ಕೇ ಚಪ್ಪಲಿ ತೆಗೆದೆ. ಇವರು ನನ್ನ ಕಡೆ ನೋಡಿದ್ದು ಅದಕ್ಕೆ. ಕೀಲಿ ಹಾಕಿದವನು ನಾನೇ ಎಂದು ಇವರು ಅಂದದ್ದೂ ಅದಕ್ಕೇ.

ಸುಜಾತಾಳ ಅಪ್ಪ, ನನ್ನನ್ನು ಉಳಿಸಲು ನೀವು ಈ ಕೊನೆಯ ತುಂಡನ್ನು ಮನಸ್ಸಿನಲ್ಲೇ ಓದಿಕೊಂಡು ಪತ್ರ ಮಡಚುತ್ತೀರಿ ಎಂದು ಗೊತ್ತು. ಮಡಚಬೇಡಿ. ಇದರದೇ ಇನ್ನೊಂದು ಪ್ರತಿಯನ್ನು ದಪ್ಪ ಅಕ್ಷರದಲ್ಲಿ ಟೈಪು ಮಾಡಿ ಸುಟ್ಟ ವಿಹಾರದ ಗೋಡೆಗೆ ಅಂಟಿಸಿ ಬಂದಿದ್ದೇನೆ. ಅದಕ್ಕೆ ಪಾಸ್‌ವರ್ಡ್ ಇಲ್ಲ.