ಸೂಜಿಯ ನಂತರದ ಜ್ವರ

ಅಮ್ಮಾ,

ಬೆಳಿಗ್ಗೆ ಸ್ನಾನಕ್ಕೆ ಹೋದಾಗ ಹೊಟ್ಟೆಯ ಮೇಲೆ, ನೋವಿಗೆಂದು ದಿನವೂ ಇಟ್ಟುಕೊಳ್ಳುವ ಬಿಸಿನೀರಿನ ಚೀಲದ ಕಂದು ಕಲೆ ಕಂಡಿತು. ಕೊನೆಯ ದಿನಗಳಲ್ಲಿ ನಿನಗೂ ಅಲ್ಲೇ ಇತ್ತು.

ನನ್ನ ಅಂಡಾಶಯದಲ್ಲಿದ್ದ, ಹಳೇ ರಕ್ತ ತುಂಬಿದ ಗಡ್ಡೆಯನ್ನು ಹೋದ ವಾರ ಆಸ್ಪತ್ರೆಯಲ್ಲಿ ಸೂಜಿ ಹಾಕಿ ಬರಿದು ಮಾಡಿದ್ದರು. ನಿನ್ನೆಯಿಂದ ಚಳಿಜ್ವರ. ಡಾಕ್ಟರಿಗೆ ಫೋನ್ ಮಾಡಿದೆ. "ಇಂಥ ಗಡ್ಡೆಯಲ್ಲಿ ಉಳಿದ ಹಳೇ ರಕ್ತಕ್ಕೆ ಸೋಂಕು ಬೇಗ ಹತ್ತುತ್ತೆ, ಸೂಜಿ ಹಾಕಿದ ಮೇಲಂತೂ ಇನ್ನೂ ಬೇಗ. ಇವತ್ತೇ ಬನ್ನಿ" ಅಂದರು.

ಚಿಕ್ಕಮ್ಮ ತಡೆದಳು. "ಮದುವೆಯಾಗದ ಹುಡುಗಿಗೆ ಅಲ್ಲಿ ಸೋಂಕು ಅಂತ ಡಂಗುರ ಸಾರ್ತೀಯಾ? ಎಂ.ಎ. ಓದಿದ್ದು ಇದಕ್ಕಾ? ಎರಡು ದಿನ ಸುಮ್ನೆ ಮಲಗು."

ಆ ಕೊನೆಯ ದಿನಗಳಲ್ಲಿ ನೀನೂ ಹೀಗೇ ಜ್ವರದಲ್ಲಿ ಸುಮ್ಮನೆ ಮಲಗಿದ್ದೆ. ನಾನು ಸದ್ದಾಗದಂತೆ ಕದ ಎಳೆದುಕೊಂಡು ಕಾಲೇಜಿಗೆ ಹೋಗಿದ್ದೆ.

ಆಸ್ಪತ್ರೆಗೆ ಹೊರಡಲು ಕೈಚೀಲಕ್ಕೆ ಬಟ್ಟೆ ತುಂಬಿದ್ದೇನೆ. ಚಿಕ್ಕಮ್ಮ ಹೊರಗಿನ ಕೋಣೆಯಲ್ಲೇ ಕೂತಿದ್ದಾಳೆ. ಎಲ್ಲಿಗೆ ಎಂದು ಕೇಳಿದರೆ, ಹೊಟ್ಟೆಯೊಳಗೆ ಸೋಂಕಾಗಿದೆ ಎಂದು ಗಟ್ಟಿಯಾಗಿಯೇ ಹೇಳಿ ಹೊರಡುತ್ತೇನೆ.